ಪೇಟೆ ಬೆಳೆಯುತ್ತಿದೆ, ಕೆಲಸಕ್ಕೆ ಜಾಗ ಎಲ್ಲಿ ಇಡುತ್ತೀರಿ?

ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಉಪ್ಪಳ, ಕುಂಬಳೆ, ಬದಿಯಡ್ಕ, ಯಾವ ಪೇಟೆಗೆ ಬೇಕಾದರೂ ಹೋಗಿ. ಹೊಸ ಕಟ್ಟಡ ಅಂದರೆ ಒಂದೇ ನಮೂನೆ. ಕೆಳಗೆ ಸಾಲು ಶಟರು, ಮೇಲೆ ಬಾಡಿಗೆ ರೂಮು. ಮೊಬೈಲ್ ಅಂಗಡಿ, ಬಟ್ಟೆ ಅಂಗಡಿ, ಬೇಕರಿ ಬಂದಾಯಿತು, ಉಳಿದ ಶಟರುಗಳು ಇಳಿದೇ ಇರುತ್ತವೆ. ಕೆಲಸ ಬೇಕಾದವರು ಬೆಳಿಗ್ಗೆ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ, ಇಲ್ಲದಿದ್ದರೆ ಗಲ್ಫಿಗೆ. 2020ರ ಲಾಕ್‌ಡೌನಿನಲ್ಲಿ ಗಡಿ ಮುಚ್ಚಿದಾಗ ಅದರ ಬಿಸಿ ಎಷ್ಟು ಮನೆಗೆ ತಟ್ಟಿತು ಅಂತ ನಿಮಗೇ ಗೊತ್ತು.

ಈಗ ಪಂಚಾಯತಿನವರು, ಅಥವಾ ಒಟ್ಟಾಗಿ ಹತ್ತು ಎಕರೆಯಷ್ಟು ಜಾಗ ಇರುವ ನಾಲ್ಕೈದು ಮನೆಯವರು ಸೇರಿ ಮನೆ, ಅಂಗಡಿ, ಕೆಲಸ ಮೂರೂ ಇರುವ ಒಂದು ಬಡಾವಣೆ ಮಾಡಲು ಹೊರಟಿದ್ದೀರಿ ಅಂತ ಇಟ್ಟುಕೊಳ್ಳಿ. ಮೊದಲು ನಕ್ಷೆಯಲ್ಲಿ ಕೆಲಸದ ಜಾಗಕ್ಕೆ ಗೆರೆ ಹಾಕಿ, ಮತ್ತೆ ಉಳಿದದ್ದು. ಮನೆಗೂ ಅಂಗಡಿಗೂ ಬಾಡಿಗೆ, ಅಡ್ವಾನ್ಸು ಜಾಸ್ತಿ ಸಿಗುತ್ತದೆ, ಹಾಗಾಗಿ "ಉಳಿದ ಜಾಗದಲ್ಲಿ ವರ್ಕ್‌ಶಾಪ್ ಮಾಡುವ" ಅಂದರೆ ಕೊನೆಗೆ ಉಳಿಯುವುದು ಏನೂ ಇರುವುದಿಲ್ಲ.

ಯಾವ ಕೆಲಸ ಅನ್ನುವುದನ್ನು ಎಂಜಿನಿಯರ್ ಹತ್ತಿರ ಕೇಳಬೇಡಿ, ಊರಲ್ಲೇ ನೋಡಿ. ಅಡಿಕೆ ಸುಲಿದು ಆರಿಸುವುದು, ಹಾಳೆ ತಟ್ಟೆ, ತೆಂಗಿನೆಣ್ಣೆ, ವೆಲ್ಡಿಂಗ್, ಅಲ್ಯೂಮಿನಿಯಂ ಕೆಲಸ, ಹೊಲಿಗೆ, ಗಾಡಿ ರಿಪೇರಿ, ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರ ಅಡುಗೆ ಘಟಕ, ಇವೆಲ್ಲ ಈಗ ಮನೆಯ ಹಿಂದಿನ ಶೆಡ್ಡಿನಲ್ಲೋ ರಸ್ತೆ ಬದಿಯಲ್ಲೋ ನಡೆಯುತ್ತಿವೆ. ಇವರಲ್ಲಿ ಯಾರಿಗೆ ದೊಡ್ಡ ಜಾಗ ಬೇಕು, ಯಾರಿಗೆ ತ್ರೀ ಫೇಸ್ ಕರೆಂಟು ಸಿಗುತ್ತಿಲ್ಲ, ಯಾರಿಗೆ ಲಾರಿ ತಿರುಗಿಸಲು ಆಗುತ್ತಿಲ್ಲ ಅಂತ ವಾರ್ಡು ವಾರ್ಡಾಗಿ ಬರೆದುಕೊಳ್ಳಿ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿ.ಪಿ.ಸಿ.ಆರ್.ಐ.ನಲ್ಲಿ ತೆಂಗಿನ ಉತ್ಪನ್ನಗಳ ತಂತ್ರಜ್ಞಾನ ಸಿಗುತ್ತದೆ, ಅಲ್ಲಿಗೂ ಒಮ್ಮೆ ಹೋಗಿ ಮಾತಾಡಿ. ಸೀತಾಂಗೋಳಿ ಹತ್ತಿರದವರಾದರೆ ಅಲ್ಲಿ ಕೇರಳ ಸರಕಾರದ ಕಿನ್‌ಫ್ರಾ ಕೈಗಾರಿಕಾ ಪಾರ್ಕು, ಎಚ್.ಎ.ಎಲ್. ಘಟಕ ಇವೆ. ಅವಕ್ಕೆ ಬೇಕಾದ ರಿಪೇರಿ, ಪ್ಯಾಕಿಂಗ್, ಊಟ, ಬಾಡಿಗೆ ಮನೆ ಇವನ್ನೂ ನಿಮ್ಮ ಪಟ್ಟಿಗೆ ಸೇರಿಸಿ. ಐಟಿ ಪಾರ್ಕಿನ ಕನಸು ಆಮೇಲೆ ಕಾಣಬಹುದು.

ಇನ್ನು ಲೆಕ್ಕ. ಹತ್ತು ಎಕರೆ ಅಂದರೆ 4,35,600 ಚದರಡಿ. ರಸ್ತೆ, ಚರಂಡಿ, ಖಾಲಿ ಜಾಗ ಅಂತ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಹೋಯಿತು. ಉಳಿದದ್ದರಲ್ಲಿ ಅರ್ಧ ಕೆಲಸಕ್ಕೆ, ಅದರಲ್ಲಿ ಕಟ್ಟಡ ನಿಲ್ಲುವುದು ಅರ್ಧ ಜಾಗದಲ್ಲಿ ಅಂದುಕೊಂಡರೆ ಸುಮಾರು 70,000 ಚದರಡಿ ನೆಲ ಸಿಗುತ್ತದೆ. ಇದೇ ನೆಲವನ್ನು ಗೋಡೌನಿಗೆ ಕೊಟ್ಟರೆ, ಒಬ್ಬರಿಗೆ 800 ಚದರಡಿ ಲೆಕ್ಕದಲ್ಲಿ 90 ಜನಕ್ಕೂ ಕೆಲಸ ಇಲ್ಲ. ಸಣ್ಣ ವರ್ಕ್‌ಶಾಪ್ ಆದರೆ ಒಬ್ಬರಿಗೆ 450 ಚದರಡಿ ಹಿಡಿದು ಸುಮಾರು 155 ಜನ. ಮೇಲೆ ಇನ್ನೊಂದು ಮಹಡಿ ಆಫೀಸಿಗೆ ಕಟ್ಟಿದರೆ ಒಬ್ಬರಿಗೆ 120 ಚದರಡಿ ಸಾಕು, ಅಲ್ಲೇ 500ಕ್ಕಿಂತ ಜಾಸ್ತಿ ಜನ ಕೂರಬಹುದು. ಇವು ಅಂದಾಜಿನ ಲೆಕ್ಕ, ಹೆಚ್ಚುಕಡಿಮೆ ಆಗುತ್ತದೆ. ಆದರೂ ಯಾರಾದರೂ ದೊಡ್ಡ ಗೋಡೌನ್ ತಂದು "ಇಷ್ಟು ಜನಕ್ಕೆ ಕೆಲಸ" ಅಂತ ಹೇಳಿದರೆ ಪೆನ್ನು ತೆಗೆದು ಭಾಗಿಸಿ ನೋಡಲು ಇಷ್ಟು ಸಾಕು, ಅಲ್ವಾ?

ಜಾಗ ಆರಿಸುವಾಗ ಬಯಲಿಗೆ ಕೈ ಹಾಕಬೇಡಿ. 2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣೆ ಕಾಯ್ದೆ ಇದೆ. ಯಾವ ಸರ್ವೆ ನಂಬರು ಡಾಟಾ ಬ್ಯಾಂಕಿನಲ್ಲಿ, ಅಂದರೆ ಆ ಕಾಯ್ದೆಯ ಗದ್ದೆ, ಜೌಗು ಭೂಮಿಗಳ ಪಟ್ಟಿಯಲ್ಲಿ, ಇದೆ ಅಂತ ಅಡ್ವಾನ್ಸ್ ಕೊಡುವ ಮೊದಲೇ ಕೃಷಿ ಭವನದಲ್ಲಿ ನೋಡಿ. ತಪ್ಪಾಗಿ ಸೇರಿದ್ದರೆ ತೆಗೆಸಲು ಫಾರಂ 5. ಡಾಟಾ ಬ್ಯಾಂಕಿನಲ್ಲಿ ಇಲ್ಲ, ಆದರೆ ಕಂದಾಯ ದಾಖಲೆಯಲ್ಲಿ ಗದ್ದೆ ಅಂತ ಇದ್ದರೆ 50 ಸೆಂಟ್ಸಿನವರೆಗೆ ಫಾರಂ 6, ಅದಕ್ಕಿಂತ ಜಾಸ್ತಿಗೆ ಫಾರಂ 7. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. "ಎಲ್ಲ ಸರಿ ಮಾಡಿಸಿ ಕೊಡ್ತೇನೆ" ಅನ್ನುವ ಬ್ರೋಕರ್ ಮಾತು ನಂಬಿ ಹಣ ಕೊಡಬೇಡಿ.

ಹಾಗಾದರೆ ಗುಡ್ಡೆ? ಗುಡ್ಡೆ ಸುಲಭ ಅಂತ ಕಾಣುತ್ತದೆ, ಕೆಂಪುಕಲ್ಲಿನ ನೆಲ, ಮರ ಕಡಿಮೆ, ಬೆಲೆಯೂ ಕಡಿಮೆ. ಆದರೆ ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬರುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಗುಡ್ಡೆಯ ಮೇಲಿನ ಪಳ್ಳಗಳಲ್ಲಿ ನಿಂತು ಇಂಗಿದ ನೀರೇ ಕೆಳಗಿನ ಸುರಂಗ (ನೀರಿಗಾಗಿ ಗುಡ್ಡೆಗೆ ಅಡ್ಡವಾಗಿ ಕೊರೆದದ್ದು), ಬಾವಿ, ತೋಡುಗಳಿಗೆ ಬರುವುದು. ಜೆಸಿಬಿ ತಂದು ಎಲ್ಲ ಸಮ ಮಾಡಿ ಇಂಟರ್‌ಲಾಕ್ ಹಾಕಿದರೆ ಮಳೆಗಾಲದಲ್ಲಿ ಕೆಳಗಿನ ತೋಟಕ್ಕೆ ಮಣ್ಣು ನೀರು ನುಗ್ಗುತ್ತದೆ, ಎಪ್ರಿಲಿನಲ್ಲಿ ಅದೇ ತೋಟದವರು ಟ್ಯಾಂಕರ್ ತರಿಸಬೇಕು. ಮಳೆಗಾಲದಲ್ಲೇ ಹೋಗಿ ನೋಡಿ, ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ ಅಂತ ಗುರುತು ಹಾಕಿ, ಆ ಜಾಗಗಳನ್ನು ಹಾಗೆಯೇ ಬಿಟ್ಟು ಉಳಿದದ್ದರಲ್ಲಿ ರಸ್ತೆ ಎಳೆಯಿರಿ. ಶೌಚದ ಇಂಗುಗುಂಡಿಗೂ ಬಾವಿಗೂ ನಿಯಮದ ಪ್ರಕಾರ 7.5 ಮೀಟರ್ ದೂರ ಇರಬೇಕು. ಇಷ್ಟು ಜನ ಸೇರುವ ಕಡೆ ಒಂದೊಂದು ಕಟ್ಟಡಕ್ಕೆ ಒಂದೊಂದು ಗುಂಡಿ ತೋಡುವ ಬದಲು ಎಲ್ಲರಿಗೂ ಸೇರಿ ಒಂದು ಶುದ್ಧೀಕರಣ ಘಟಕ ಮಾಡುವುದು ಲೇಸು.

ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆದ ಮೇಲೆ ಲೆಕ್ಕವೇ ಬದಲಾಗಿದೆ. ಹೆದ್ದಾರಿಗೆ ಮುಖ ಮಾಡಿದ ಜಾಗ ಅಂದರೆ ಚಿನ್ನ ಅಂತ ಈಗಲೂ ಹೇಳುವವರಿದ್ದಾರೆ. ಆದರೆ ನೇರ ಇಳಿಯಲು ಆಗುವುದಿಲ್ಲ, ಸರ್ವಿಸ್ ರಸ್ತೆಯಿಂದಲೇ ಬರಬೇಕು, ಆಚೆ ಬದಿಯವರು ಅಂಡರ್‌ಪಾಸ್ ಹುಡುಕಬೇಕು. ನಡೆದು ಬರುವವರಿಗೆ ಇದು ದೊಡ್ಡ ಸುತ್ತು. ಹಾಗಾಗಿ ಬಡಾವಣೆಯ ಬಾಗಿಲು ಅಂಡರ್‌ಪಾಸ್, ಬಸ್‌ಸ್ಟಾಪು, ರೈಲ್ವೆ ಸ್ಟೇಶನ್ ಕಡೆಗೆ ಇರಲಿ. ಐದು ನಿಮಿಷ, ಅಂದರೆ ಸುಮಾರು 400 ಮೀಟರ್ ನಡೆದರೆ ಬಸ್ಸು ಸಿಗಬೇಕು. ಲಾರಿಗೆ ಬೇರೆ ದಾರಿ. ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲೇ ಲಾರಿ ಹಿಂದಕ್ಕೆ ಹೋಗುವಂತೆ ನಕ್ಷೆ ಮಾಡಿದವರಿಗೆ ನಕ್ಷೆ ವಾಪಸು ಕೊಡಿ.

ಮನೆ ಮತ್ತು ಕೆಲಸ ಹತ್ತಿರ ಇರಬೇಕು, ಗೋಡೆಗೆ ಗೋಡೆ ತಾಗಿಕೊಂಡು ಬೇಡ. ಮಾಲಿನ್ಯ ನಿಯಂತ್ರಣ ಮಂಡಳಿ ಉದ್ದಿಮೆಗಳನ್ನು ಮಾಲಿನ್ಯ ಕಡಿಮೆಯದ್ದರಿಂದ ಜಾಸ್ತಿಯದ್ದಕ್ಕೆ ಬಿಳಿ, ಹಸಿರು, ಕಿತ್ತಳೆ, ಕೆಂಪು ಅಂತ ವಿಂಗಡಿಸಿದೆ. ಮನೆಗಳ ಪಕ್ಕ ಬಿಳಿ, ಹಸಿರು ಮಾತ್ರ, ಕಿತ್ತಳೆ ದೂರದ ಮೂಲೆಗೆ, ಕೆಂಪು ಬೇಡವೇ ಬೇಡ ಅಂತ ಬಾಡಿಗೆ ಕರಾರಿನಲ್ಲೇ ಬರೆಯಿರಿ. ಬಾಯಿಮಾತಿನಲ್ಲಿ ಬಿಟ್ಟರೆ ಒಂದು ದಿನ ಮೀನಿನ ತ್ಯಾಜ್ಯದ ಘಟಕ ಬಂದು ಕೂರುತ್ತದೆ, ಮತ್ತೆ ವಾಸನೆಗೆ ಬಾಗಿಲು ಹಾಕಿ ಕೂರಬೇಕು. ನಡುವೆ ಆಫೀಸು, ಅಂಗಡಿ, ಹೋಟೆಲು, ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಇಡಿ. ಈ ಕೊನೆಯದ್ದು ಇಲ್ಲದಿದ್ದರೆ ಹೆಂಗಸರಿಗೆ ಕೆಲಸ ಅನ್ನುವುದು ಸುಮ್ನೆ ಬಾಯಿಮಾತು. ಹೊರರಾಜ್ಯದ ಕೆಲಸಗಾರರ ಕ್ವಾರ್ಟರ್ಸನ್ನೂ ನಕ್ಷೆಯಲ್ಲೇ ತೋರಿಸಿ, ಇಲ್ಲದಿದ್ದರೆ ಅವರು ಖಾಲಿ ಶಟರುಗಳ ಮೇಲೆ ಒಂದು ರೂಮಿಗೆ ಎಂಟು ಜನ ಅಂತ ಇರಬೇಕಾಗುತ್ತದೆ.

ಕಾಗದಪತ್ರ. 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳಲ್ಲಿ ಮನೆ ಎ1, ಆಫೀಸು ಇ, ಅಂಗಡಿ ಎಫ್, ಕಡಿಮೆ ಅಪಾಯದ ಉದ್ದಿಮೆ ಜಿ1 ಅಂತ ವರ್ಗಗಳಿವೆ. ಎಫ್ ಅಂತ ಪರ್ಮಿಟ್ ತೆಗೆದು ಒಳಗೆ ಯಂತ್ರ ಕೂರಿಸಿದರೆ ಲೈಸೆನ್ಸ್ ಹೊತ್ತಿಗೆ ತೊಂದರೆ, ಹಾಗಾಗಿ ಪ್ಲಾನ್ ಬರೆಸುವಾಗಲೇ ವರ್ಗ ಹೇಳಿ. ಸಣ್ಣ ಘಟಕ ಶುರು ಮಾಡುವವರಿಗೆ ಉದ್ದಿಮೆಯ ಅನುಮತಿಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಸರಕಾರದ ವೆಬ್‌ಸೈಟ್ ಕೆ-ಸ್ವಿಫ್ಟ್ ತೋರಿಸಿಕೊಡಿ. 2022ರಲ್ಲಿ ಬಂದ ಖಾಸಗಿ ಕೈಗಾರಿಕಾ ಎಸ್ಟೇಟ್ ಯೋಜನೆಯಲ್ಲಿ ಹತ್ತು ಎಕರೆ ಇದ್ದವರಿಗೆ ರಸ್ತೆ, ನೀರು, ಕರೆಂಟಿಗೆ ಸರಕಾರದ ಸಹಾಯ ಇದೆ. ಮನೆ ಕೂಡ ಸೇರಿದರೆ ಯಾವ ಭಾಗಕ್ಕೆ ಸಿಗುತ್ತದೆ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಲಿಖಿತವಾಗಿ ಕೇಳಿ. ಗ್ರಾಮಸಭೆಗೆ ಇಡುವ ನಕ್ಷೆ, ವಿವರ ಮಲಯಾಳದ ಜೊತೆ ಕನ್ನಡದಲ್ಲೂ ಇರಲಿ, ಇಲ್ಲದಿದ್ದರೆ ತೋಟದ ಅಜ್ಜನಿಗೆ ತನ್ನ ಸುರಂಗದ ಮೇಲೆ ರಸ್ತೆ ಬರುತ್ತದೆ ಅಂತ ಗೊತ್ತಾಗುವುದು ಜೆಸಿಬಿ ಬಂದ ದಿನ.

ಎಲ್ಲ ಒಮ್ಮೆಲೇ ಕಟ್ಟಬೇಡಿ. ಮೊದಲ ಹಂತದಲ್ಲಿ ರಸ್ತೆ, ಚರಂಡಿ, ಟ್ರಾನ್ಸ್‌ಫಾರ್ಮರಿಗೆ ಜಾಗ, ಹತ್ತು ಹನ್ನೆರಡು ಸಣ್ಣ ಶೆಡ್ಡು, ಒಂದು ಹೋಟೆಲು. ಅವುಗಳಲ್ಲಿ ಮುಕ್ಕಾಲು ಭಾಗ ಬಾಡಿಗೆಗೆ ಹೋದ ಮೇಲೆ ಮನೆಗಳ ಪರ್ಮಿಟ್‌ಗೆ ಅರ್ಜಿ ಹಾಕಿ.