ಅಡಿಕೆ ಸುಲಿದ ಕೈಯಲ್ಲಿ ವೀಸಾ ಬೆರಳಚ್ಚು ಕೊಡುವುದು ಹೇಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಪಡಿತರ ಅಂಗಡಿಯ ಮುಂದೆ ನಿಂತವರಿಗೆ ಈ ಮಾತು ಹೊಸದಲ್ಲ: "ಅಮ್ಮಾ, ಈ ಬೆರಳು ತಗೊಳ್ತಾ ಇಲ್ಲ, ಬೇರೆ ಬೆರಳು ಇಡಿ." ಅಲ್ಲಿ ತಗೊಳ್ಳದಿದ್ದರೆ ನಾಳೆ ಹೋದರಾಯಿತು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟವರ ಬೆರಳು ವೀಸಾ ಕೇಂದ್ರದಲ್ಲಿ ತಗೊಳ್ಳದಿದ್ದರೆ ಮಾತ್ರ ಚೆನ್ನೈಗೋ ಹೈದರಾಬಾದಿಗೋ ಇನ್ನೊಂದು ಸುತ್ತು ಓಡಬೇಕಾದೀತು. ಹಾಗಾಗಿ ಪಡಿತರ ಅಂಗಡಿಯ ಯಂತ್ರವನ್ನೇ ಮೊದಲ ಪರೀಕ್ಷೆ ಅಂದುಕೊಳ್ಳಿ. ಅಲ್ಲಿ ಎರಡು ಮೂರು ಬೆರಳು ಪದೇ ಪದೇ ಕೈಕೊಡುತ್ತಿದ್ದರೆ ಅಪಾಯಿಂಟ್‌ಮೆಂಟಿಗೆ ಒಂದು ತಿಂಗಳು ಮೊದಲೇ ಕೈಯ ಆರೈಕೆ ಶುರುವಾಗಬೇಕು.

ಎಲ್ಲರೂ ಹೆದರುವುದು ವಿಮಾನ ನಿಲ್ದಾಣಕ್ಕೆ. ನಿಜವಾಗಿ ಗಮನ ಕೊಡಬೇಕಾದದ್ದು ವೀಸಾ ಕೇಂದ್ರಕ್ಕೆ. ವೀಸಾ ಸಮಯದಲ್ಲಿ ಕೊಟ್ಟ ಅಚ್ಚು ಅವರ ಕಡತದಲ್ಲಿ ಕೂತಿರುತ್ತದೆ. ಗಡಿಯಲ್ಲಿ ಇಳಿದಾಗ ಮುಖ್ಯವಾಗಿ ನೋಡುವುದು, ವೀಸಾ ಪಡೆದವರೂ ಈಗ ಎದುರಿಗೆ ನಿಂತವರೂ ಒಬ್ಬರೇ ತಾನೇ ಎಂದು. ಮೊದಲ ಅಚ್ಚು ಮಸುಕಾಗಿದ್ದರೆ ಆಮೇಲೆ ಎಷ್ಟು ಚೆಂದ ಒತ್ತಿದರೂ ಹೋಲಿಕೆ ಕಷ್ಟ. ಇನ್ನೊಂದು ಮಾತು: ಆಧಾರ್ ಬೆರಳಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ವೀಸಾಕ್ಕೆ ಅಂತ ಆಧಾರ್ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸಿ ಪ್ರಯೋಜನವಿಲ್ಲ.

ಯಾವ ದೇಶಕ್ಕೆ ಎಷ್ಟು ಬೆರಳು

ಅಮೆರಿಕ, ಕೆನಡಾ, ಬ್ರಿಟನ್, ಯುರೋಪಿನ ಷೆಂಗೆನ್ ದೇಶಗಳು ವೀಸಾಕ್ಕೆ ಹತ್ತೂ ಬೆರಳು ಕೇಳುತ್ತವೆ. ಜಪಾನ್ 2007ರ ನವೆಂಬರ್‌ನಿಂದ ವಿದೇಶಿಯರಿಗೆ ವಿಮಾನ ನಿಲ್ದಾಣದಲ್ಲೇ ಎರಡು ತೋರುಬೆರಳಿನ ಅಚ್ಚು ಮತ್ತು ಮುಖದ ಫೋಟೊ ತೆಗೆಯುತ್ತಿದೆ. ದಕ್ಷಿಣ ಕೊರಿಯಾದಲ್ಲೂ ಎರಡು ತೋರುಬೆರಳು. ದುಬೈ ಕಡೆ ಬೆರಳಿಗಿಂತ ಕಣ್ಣಿನ ಪಾಪೆ, ಮುಖಗಳ ಮೇಲೆ ಹೆಚ್ಚು ನೆಚ್ಚಿಕೊಂಡಿದ್ದಾರೆ.

ಎರಡೇ ಬೆರಳು ಸುಲಭ ಅನ್ನಿಸಬಹುದು, ಅಡಿಕೆಯವರಿಗೆ ಹಾಗಲ್ಲ. ಮೆಟ್ಟುಗತ್ತಿಯ ಮೇಲೆ ಕೂತು ಸುಲಿಯುವಾಗ ಕಾಯಿಯನ್ನು ಅದುಮಿ ತಿರುಗಿಸುವುದು ಹೆಬ್ಬೆರಳು, ತೋರುಬೆರಳುಗಳೇ. ಮೊದಲು ಸವೆಯುವುದೂ ಅವೇ. ಹತ್ತು ಬೆರಳು ಕೇಳುವ ಕಡೆ ಉಂಗುರಬೆರಳು, ನಡುಬೆರಳು ಮಾನ ಉಳಿಸುತ್ತವೆ. ಎರಡೇ ಕೇಳುವ ಕಡೆ ಆ ಆಸರೆ ಇಲ್ಲ.

ವಯಸ್ಸಿನ ವಿನಾಯಿತಿಯೂ ಒಂದೊಂದು ಕಡೆ ಒಂದೊಂದು. ಅಮೆರಿಕದಲ್ಲಿ ಸಾಮಾನ್ಯವಾಗಿ 14ಕ್ಕಿಂತ ಕೆಳಗಿನವರಿಗೂ 79 ದಾಟಿದವರಿಗೂ ಬೆರಳಚ್ಚಿಲ್ಲ. ಷೆಂಗೆನ್‌ನಲ್ಲಿ 12ಕ್ಕಿಂತ ಕೆಳಗಿನವರಿಗೆ, ಜಪಾನಿನಲ್ಲಿ 16ಕ್ಕಿಂತ ಕೆಳಗಿನವರಿಗೆ ಇಲ್ಲ. ಷೆಂಗೆನ್‌ಗೆ ಒಮ್ಮೆ ಕೊಟ್ಟ ಅಚ್ಚನ್ನು 59 ತಿಂಗಳ ತನಕ ಮತ್ತೆ ಬಳಸಬಹುದು, ಆದರೆ ಹಿಂದಿನದು ಸರಿಯಿಲ್ಲದಿದ್ದರೆ ಮತ್ತೆ ಕರೆಯುತ್ತಾರೆ. ಕೆನಡಾದ್ದು 10 ವರ್ಷ ನಡೆಯುತ್ತದೆ.

ಗೆರೆ ಎಲ್ಲಿ ಹೋಗುತ್ತದೆ

ಬೆರಳಿನ ಗೆರೆಗಳ ಅಚ್ಚು ಇರುವುದು ಚರ್ಮದ ಒಳಪದರದಲ್ಲಿ. ಮೇಲೆ ಕಾಣುವುದು ಅದರ ನಕಲು ಮಾತ್ರ. ಸುಲಿಯುವ ಕೆಲಸ, ಕತ್ತಿಯ ಹಿಡಿ, ಸುಣ್ಣ, ಪಾತ್ರೆ ತಿಕ್ಕುವ ಪುಡಿ ಇವೆಲ್ಲ ಸವೆಸುವುದು ಮೇಲಿನ ನಕಲನ್ನು. ಮೇಲ್ಚರ್ಮ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು, ವಯಸ್ಸಾದವರಿಗೆ ಇನ್ನೂ ತಡ. ಕೈಗೆ ಬಿಡುವು ಕೊಟ್ಟರೆ ಅದೇ ಗೆರೆಗಳು ಹಾಗೇ ಮೇಲೆ ಬರುತ್ತವೆ. ಆಳವಾಗಿ ಕೊಯ್ದು ಕಲೆಯಾದ ಜಾಗದಲ್ಲಿ ಮಾತ್ರ ಬರುವುದಿಲ್ಲ.

ಅಡಿಕೆಯ ಕರೆಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಕರೆ ಹೋಗಲೆಂದು ಕಲ್ಲಿಗೆ ಉಜ್ಜುವುದು, ಬ್ಲೀಚಿಂಗ್ ಪುಡಿಯಲ್ಲಿ ತೊಳೆಯುವುದು ಇದೆಯಲ್ಲ, ಅದೇ ದೊಡ್ಡ ಹಾನಿ. ಕರೆ ಕೂತ ಬೆರಳಲ್ಲಿ ಗೆರೆ ಉಳಿದಿರುತ್ತದೆ, ಉಜ್ಜಿದ ಬೆರಳಲ್ಲಿ ಅದೂ ಇರುವುದಿಲ್ಲ. ಮದರಂಗಿಗೂ ಇದೇ ಮಾತು, ಆದರೂ ಅಪಾಯಿಂಟ್‌ಮೆಂಟ್ ಮುಗಿಯುವ ತನಕ ಬೆರಳ ತುದಿಗೆ ಹಚ್ಚದಿರುವುದು ಒಳ್ಳೆಯದು.

ಸಾಧ್ಯವಿದ್ದರೆ ಅಡಿಕೆ ಸುಗ್ಗಿಯ ನಡುವೆ, ಅಥವಾ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮಳೆಗಾಲದಲ್ಲಿ ಅಪಾಯಿಂಟ್‌ಮೆಂಟ್ ಹಾಕಿಸಬೇಡಿ. ಬೋರ್ಡೋಗೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸುವಾಗ ಬರಿಗೈ ಹಾಕಿದವರ ಬೆರಳು ತುದಿ ಒಣಗಿ ಸಿಪ್ಪೆ ಏಳುತ್ತದೆ. ಬೇರೆ ದಿನ ಸಿಗದಿದ್ದರೆ ಕೊನೆಯ ಮೂರು ನಾಲ್ಕು ವಾರ ಆ ಕೆಲಸ ಬೇರೆಯವರಿಗೆ ಬಿಡಿ, ಇಲ್ಲವೇ ರಬ್ಬರ್ ಗ್ಲೌಸ್ ಹಾಕಿ. ಪಾತ್ರೆ ತೊಳೆಯುವಾಗಲೂ ಗ್ಲೌಸ್. ರಾತ್ರಿ ಮಲಗುವ ಮುಂಚೆ ಬೆರಳ ತುದಿಗೆ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿಯ ಗ್ಲೌಸ್ ಹಾಕಿಕೊಳ್ಳಿ. ಬಿರುಕು ಬಿಟ್ಟಿದ್ದರೆ ಮೆಡಿಕಲ್‌ನಲ್ಲಿ ಸಿಗುವ ಯೂರಿಯಾ ಕ್ರೀಮ್ ವ್ಯಾಸಲೀನ್‌ಗಿಂತ ಬೇಗ ಕೆಲಸ ಮಾಡುತ್ತದೆ, ಹಸಿ ಗಾಯದ ಮೇಲೆ ಮಾತ್ರ ಹಚ್ಚಬೇಡಿ, ಉರಿಯುತ್ತದೆ. ಬೆರಳು ಕೊಯ್ದುಕೊಂಡಿದ್ದರೆ, ಬ್ಯಾಂಡೇಜ್ ಇದ್ದರೆ, ಗಾಯ ಮಾಯುವ ತನಕ ದಿನ ಮುಂದೂಡಿ. ಹಾಗೇ ಹೋದರೆ ಬಹುಮಟ್ಟಿಗೆ ವಾಪಸ್ಸು ಕಳಿಸುತ್ತಾರೆ.

ಕ್ಯಾನ್ಸರಿಗೆ ಕ್ಯಾಪೆಸಿಟಬಿನ್ ಮಾತ್ರೆ ತಗೊಳ್ಳುತ್ತಿರುವವರಿಗೆ ಇನ್ನೊಂದು ಎಚ್ಚರಿಕೆ. ಈ ಔಷಧಿಯಿಂದ ಅಂಗೈ, ಬೆರಳ ಚರ್ಮ ಸುಲಿದು ಗೆರೆಯೇ ಅಳಿಸಿಹೋಗಬಹುದು. ಸಿಂಗಪುರದ ಒಬ್ಬ ರೋಗಿಯನ್ನು 2008ರ ಡಿಸೆಂಬರಿನಲ್ಲಿ ಅಮೆರಿಕದ ವಿಮಾನ ನಿಲ್ದಾಣದಲ್ಲಿ ಇದೇ ಕಾರಣಕ್ಕೆ ನಾಲ್ಕು ಗಂಟೆ ಕೂರಿಸಿದ್ದರು. ಡಾಕ್ಟರ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷಿನ ಪತ್ರ ಕೈಚೀಲದಲ್ಲೇ ಇರಲಿ, ಲಗೇಜಿನಲ್ಲಿ ಅಲ್ಲ.

ಗಾಜಿನ ಮೇಲೆ ಕೈ ಇಡುವಾಗ

ಯಂತ್ರದ ಗಾಜಿನಡಿ ಬೆಳಕಿರುತ್ತದೆ. ಗೆರೆಯ ಏಣು ಗಾಜಿಗೆ ತಾಗಿದ ಕಡೆ ಕಪ್ಪಾಗಿ, ತಾಗದ ತಗ್ಗು ಬೆಳ್ಳಗೆ ಕಾಣುತ್ತದೆ. ಒಣಗಿದ ಬೆರಳು ಪೂರ್ತಿ ತಾಗದೆ ಗೆರೆ ತುಂಡುತುಂಡಾಗುತ್ತದೆ. ಬೆವರಿದ ಬೆರಳಲ್ಲಿ ತಗ್ಗು ತುಂಬಿ ಎಲ್ಲ ಒಂದೇ ಕಪ್ಪು ಕಲೆ. ಜೋರಾಗಿ ಒತ್ತಿದರೂ ಹೀಗೇ, ಏಣು ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಚೆನ್ನೈಯಲ್ಲಿ ಕಷ್ಟ ಬೆವರಿನದು, ಜನವರಿಯ ಬೆಂಗಳೂರಿನಲ್ಲಿ ಒಣಗಿದ ಬೆರಳಿನದು. ಒಣಗಿದ್ದರೆ ಸರದಿ ಬರುವ ಹತ್ತು ನಿಮಿಷ ಮುಂಚೆ ಒಂದು ತೊಟ್ಟು ಮಾಯಿಶ್ಚರೈಸರ್ ಹಚ್ಚಿ, ಹೀರಿಕೊಂಡ ಮೇಲೆ ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ. ಜಿಡ್ಡು ಉಳಿದರೆ ಗಾಜಿನ ಮೇಲೆ ಮಚ್ಚೆಯಾಗುತ್ತದೆ. ಬೆವರಿದ್ದರೆ ಕರವಸ್ತ್ರ ಸಾಕು. ಆಗಷ್ಟೇ ಸ್ಯಾನಿಟೈಸರ್ ಹಾಕಿದ ಕೈ ಇಡಬೇಡಿ: ಮೊದಲು ಒದ್ದೆ, ಅರೆ ನಿಮಿಷಕ್ಕೆ ಪೂರಾ ಒಣ. ರಾತ್ರಿ ಬಸ್ಸಿಳಿದು ತಣ್ಣೀರಲ್ಲಿ ಮುಖ ತೊಳೆದು ನೇರ ಹೋದವರ ಬೆರಳು ಮರಗಟ್ಟಿರುತ್ತದೆ. ಅಂಗೈ ತಿಕ್ಕಿ ಬೆಚ್ಚಗೆ ಮಾಡಿ.

ಹತ್ತು ಬೆರಳಿನ ಯಂತ್ರದಲ್ಲಿ ಸಾಮಾನ್ಯವಾಗಿ ಮೊದಲು ಒಂದು ಕೈಯ ನಾಲ್ಕು, ಆಮೇಲೆ ಇನ್ನೊಂದು ಕೈಯ ನಾಲ್ಕು, ಕೊನೆಗೆ ಎರಡು ಹೆಬ್ಬೆರಳು. ಹಿರಿಯರು ತಪ್ಪುವುದು ಇಲ್ಲೇ: ಹೆಬ್ಬೆಟ್ಟು ಒತ್ತಿದ ಅಭ್ಯಾಸಕ್ಕೆ ಬೆರಳ ತುದಿಯನ್ನು ಮಾತ್ರ ಚುಚ್ಚಿ ಇಡುತ್ತಾರೆ. ಯಂತ್ರಕ್ಕೆ ಬೇಕಾದ್ದು ಸುಳಿ, ಅದು ಇರುವುದು ಉಗುರಿನ ಹಿಂದೆ, ಮೊದಲ ಗಂಟಿನ ತನಕದ ಉಬ್ಬಿನ ನಡುವೆ. ಅಂಗೈ ಗಾಜಿಗೆ ತಾಗದಿದ್ದರೂ ಮೊದಲ ಗಂಟು ತಾಗಲೇಬೇಕು. ನಾಲ್ಕೂ ಬೆರಳು ನೇರವಾಗಿ, ಒಂದಕ್ಕೊಂದು ಕೊಂಚ ಬಿಡುವಿನಲ್ಲಿ ಇರಲಿ. ಕೌಂಟರ್ ಎತ್ತರವಿದ್ದರೆ ಮಣಿಕಟ್ಟು ಮೇಲೆದ್ದು ಕಿರುಬೆರಳು ಗಾಜು ಬಿಡುತ್ತದೆ. ಒಂದು ಹೆಜ್ಜೆ ಹಿಂದೆ ಸರಿದು ಮೊಣಕೈ ಕೆಳಗಿಳಿಸಿದರೆ ತಾನೇ ಕೂರುತ್ತದೆ. ಹಸಿರು ದೀಪ ಬರುವ ತನಕ ಕೈ ಅಲ್ಲಾಡಿಸಬೇಡಿ. ಹಿಂದಿನವರ ಜಿಡ್ಡು ಗಾಜಿನ ಮೇಲೆ ಕಂಡರೆ ಒರೆಸಲು ಹೇಳಿ, ಸಂಕೋಚ ಬೇಡ.

ಬೆರಳು ಇಲ್ಲದಿದ್ದರೆ, ಮಡಚಿಕೊಂಡಿದ್ದರೆ ಕೈ ಇಡುವ ಮೊದಲೇ ಹೇಳಿ. ಅಧಿಕಾರಿ ಯಂತ್ರದಲ್ಲಿ ಗುರುತು ಹಾಕುತ್ತಾರೆ. ಹೇಳದೇ ಇಟ್ಟರೆ ಬೆರಳುಗಳ ಲೆಕ್ಕ ತಪ್ಪಿ ಮತ್ತೆ ಮತ್ತೆ ಕೇಳುತ್ತಾರೆ.

ಇಳಿದ ಮೇಲೆ

ವಿಮಾನದೊಳಗಿನ ಗಾಳಿ ವಿಪರೀತ ಒಣ. ಇಳಿಯುವ ಒಂದು ಗಂಟೆ ಮುಂಚೆ ಕೈಗೆ ಕ್ರೀಮ್ ಹಚ್ಚಿಕೊಂಡರೆ ಸರದಿಯಲ್ಲಿ ನಿಲ್ಲುವ ಹೊತ್ತಿಗೆ ಬೆರಳು ಹದಕ್ಕೆ ಬಂದಿರುತ್ತದೆ. ಕ್ಯಾಮೆರಾ ಮುಂದೆ ಕನ್ನಡಕ, ಟೋಪಿ, ಮಾಸ್ಕ್ ತೆಗೆಯಿರಿ.

ಯುರೋಪಿನಲ್ಲಿ 2025ರ ಅಕ್ಟೋಬರ್ 12ರಿಂದ 29 ದೇಶಗಳಲ್ಲಿ ಗಡಿ ದಾಟಿ ಬಂದುಹೋಗುವವರನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಹೊಸ ವ್ಯವಸ್ಥೆ ಹಂತಹಂತವಾಗಿ ಶುರುವಾಗಿದೆ. ಷೆಂಗೆನ್ ವೀಸಾ ಇರುವ ನಮ್ಮವರ ಬೆರಳಚ್ಚು ವೀಸಾ ಕಡತದಲ್ಲೇ ಇರುವುದರಿಂದ ಹೊಸದಾಗಿ ದಾಖಲಿಸುವುದು ಮುಖ್ಯವಾಗಿ ಮುಖವನ್ನು. ಪಾಸ್‌ಪೋರ್ಟಿಗೆ ಒತ್ತುತ್ತಿದ್ದ ಸೀಲಿನ ಜಾಗಕ್ಕೆ ಕಂಪ್ಯೂಟರಿನ ದಾಖಲೆ ಬರುತ್ತಿದೆ. 180 ದಿನಗಳಲ್ಲಿ 90 ದಿನ ಎಂಬ ಲೆಕ್ಕವನ್ನು ಅದೇ ಇಡುತ್ತದೆ, ಒಂದು ದಿನ ಹೆಚ್ಚಾದರೂ ಕಾಣಿಸುತ್ತದೆ.

ಬೆರಳು ಹೊಂದದಿದ್ದರೆ ಪಕ್ಕದ ಕೋಣೆಗೆ ಕಳಿಸುತ್ತಾರೆ. ಅದು ಬಂಧನವಲ್ಲ. ಅಲ್ಲಿ ಮತ್ತೊಮ್ಮೆ ಅಚ್ಚು ತೆಗೆಯಬಹುದು, ಪ್ರಶ್ನೆ ಕೇಳಬಹುದು. ಮಗನ ಅಥವಾ ಮಗಳ ವಿಳಾಸ, ಫೋನ್ ನಂಬರು, ವಾಪಸ್ ಟಿಕೆಟ್ಟು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಆಗಿರಲಿ. ಇಂಗ್ಲಿಷ್ ಬಾರದಿದ್ದರೆ "ಕನ್ನಡ, ಇಂಟರ್ಪ್ರಿಟರ್ ಪ್ಲೀಸ್" ಅಂದರೆ ಸಾಕು. ಅರ್ಥವಾಗದ ಪ್ರಶ್ನೆಗೆ ಎಸ್ ಎಸ್ ಅನ್ನುವುದೇ ಎಲ್ಲಕ್ಕಿಂತ ದುಬಾರಿ.

ನಮ್ಮ ಕಡೆಯ ಸರದಿ ತಪ್ಪಿಸಲು ಕೇಂದ್ರ ಗೃಹ ಸಚಿವಾಲಯದ ಟ್ರಸ್ಟೆಡ್ ಟ್ರಾವೆಲರ್ ಯೋಜನೆ ಇದೆ. ದೆಹಲಿಯಲ್ಲಿ 2024ರ ಜೂನಿನಲ್ಲಿ ಶುರುವಾಗಿ 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂತು. ಆನ್‌ಲೈನ್ ಅರ್ಜಿ ಒಪ್ಪಿಗೆಯಾದ ಮೇಲೆ ವಿಮಾನ ನಿಲ್ದಾಣದಲ್ಲೋ ವಿದೇಶಿಯರ ನೋಂದಣಿ ಕಚೇರಿಯಲ್ಲೋ ಬೆರಳು, ಮುಖ ಕೊಡಬೇಕು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ವರ್ಷಕ್ಕೆರಡು ಸಲ ಹೋಗಿಬರುವವರಿಗೆ ಲಾಭ. ಜೀವಮಾನಕ್ಕೊಮ್ಮೆ ಮೊಮ್ಮಗುವನ್ನು ನೋಡಲು ಹೊರಟವರಿಗೆ ಈ ಉಸಾಬರಿ ಬೇಡ.

ಅಮೆರಿಕಕ್ಕೆ ಹೋದವರು ಅಲ್ಲಿ ಮಕ್ಕಳ ಮನೆ ಸೇರಿದ ಮರುದಿನ ಆನ್‌ಲೈನ್‌ನಲ್ಲಿ ಐ-94 (ಅಮೆರಿಕಕ್ಕೆ ಬಂದಿಳಿದದ್ದರ ದಾಖಲೆ) ತೆಗೆದು ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹೊರಡಬೇಕಾದ ತಾರೀಖು ನೋಡಿ. ಎಷ್ಟು ದಿನ ಇರಬಹುದು ಎಂದು ಹೇಳುವುದು ವೀಸಾದ ಮೇಲಿನ ತಾರೀಖಲ್ಲ, ಐ-94ರಲ್ಲಿರುವುದು. ತಪ್ಪಿದ್ದರೆ ಆ ವಾರವೇ ತಿದ್ದಿಸಲು ಹೋಗಿ.