ಗಿಣಿಮೂತಿ ಮಾವಿನ ಕಾರ್ಡ್: ರಬ್ಬರ್ ಅಚ್ಚು, ಬ್ರಷ್ ಪೆನ್

ಬೇಸಿಗೆ ಕಾರ್ಡ್ ಮಾಡೋಣ ಅಂತ ಸ್ಟ್ಯಾಂಪ್ ಸೆಟ್ ಹುಡುಕಿದರೆ ಸಿಗುವುದೆಲ್ಲ ಸಮುದ್ರತೀರ, ಛತ್ರಿ, ಐಸ್‌ಕ್ರೀಮ್. ನಮ್ಮ ಬೇಸಿಗೆ ಅಂದರೆ ಮಾವು ಅಲ್ವಾ? ಹಾಗಾಗಿ ಅಚ್ಚನ್ನು ನಾನೇ ಕೊರೆದುಕೊಂಡೆ. ಆರಿಸಿದ್ದು ಗಿಣಿಮೂತಿ, ಅಂದರೆ ತೋತಾಪುರಿ. ಬಾದಾಮಿ, ರಸಪುರಿ ತಿನ್ನೋಕೆ ಚೆನ್ನ, ಆದರೆ ಅಚ್ಚಿನಲ್ಲಿ ಅವು ಸುಮ್ನೆ ಒಂದು ದುಂಡು. ಗಿಣಿಮೂತಿಗೆ ಕೊಕ್ಕಿದೆ. ಅದೊಂದು ಸರಿಯಾಗಿ ಬಂದರೆ ಸಾಕು, ‘ಇದೇನಿದು?’ ಅಂತ ಯಾರೂ ಕೇಳುವುದಿಲ್ಲ.

ಅಚ್ಚಿಗೆ ಬಳಸಿದ್ದು ಪೆನ್ಸಿಲ್ ಅಳಿಸುವ ದೊಡ್ಡ ಬಿಳಿ ರಬ್ಬರ್. ತೆಳು ಹಾಳೆಯ ಮೇಲೆ 4ಬಿ ಪೆನ್ಸಿಲಿನಲ್ಲಿ ಮಾವು ಬರೆದು, ಹಾಳೆಯನ್ನು ರಬ್ಬರ್ ಮೇಲೆ ಕವುಚಿ ಉಗುರಿನಿಂದ ಉಜ್ಜಿದೆ. ಗೆರೆ ಹಾಗೇ ಇಳಿಯಿತು. ಕೊರೆಯುವಾಗ ಬ್ಲೇಡಿನ ತುದಿ ಗೆರೆಯಿಂದ ಹೊರಕ್ಕೆ ಓರೆಯಾಗಿರುವಂತೆ ಹಿಡಿಯಬೇಕು. ಒಳಕ್ಕೆ ಓರೆಯಾದರೆ ಅಂಚಿಗೆ ಕೆಳಗಿನಿಂದ ಆಸರೆ ಇರುವುದಿಲ್ಲ, ಒತ್ತಿದಾಗ ಬಾಗುತ್ತದೆ. ಎಲೆಗೆ ಇನ್ನೊಂದು ತುಂಡು, ಉದ್ದಕ್ಕೆ, ನಡುವೆ ಒಂದು ನರ. ಹೊಸ ರಬ್ಬರಿನ ನುಣುಪಿಗೆ ಬಣ್ಣ ಹನಿಹನಿಯಾಗಿ ನಿಲ್ಲುತ್ತದೆ. ನಯವಾದ ಉಪ್ಪುಕಾಗದದಿಂದ ಮೆಲ್ಲಗೆ ಸವರಿದ ಮೇಲೆ ಹಿಡಿಯುತ್ತದೆ.

ಇಂಕ್ ಪ್ಯಾಡ್ ಮುಟ್ಟಲಿಲ್ಲ. ನೀರಿನ ಬಣ್ಣದ ಬ್ರಷ್ ಪೆನ್ನನ್ನು ನೇರವಾಗಿ ಅಚ್ಚಿನ ಮೇಲೇ ಹಚ್ಚಿದೆ. ಮೊದಲು ಪೂರ್ತಿ ಹಳದಿ, ಕೊಕ್ಕಿನ ಕಡೆ ಕಿತ್ತಳೆ, ತೊಟ್ಟಿನ ಕಡೆ ಹಸಿರು. ತಿಳಿಬಣ್ಣ ಯಾವತ್ತೂ ಮೊದಲು. ಗಾಢ ಬಣ್ಣ ಹಚ್ಚಿದ ಮೇಲೆ ಹಳದಿ ಪೆನ್ ತಾಗಿಸಿದರೆ ಅದರ ತುದಿ ಕೊಳೆಯಾಗುತ್ತದೆ, ಆಗ ರದ್ದಿ ಕಾಗದದ ಮೇಲೆ ಗೀಚಿ ಶುದ್ಧ ಮಾಡಬೇಕು. ಏಪ್ರಿಲ್ ಸೆಕೆಗೆ, ಅದರಲ್ಲೂ ಫ್ಯಾನ್ ಕೆಳಗೆ ಕೂತರೆ, ಮೂರನೇ ಬಣ್ಣ ಹಚ್ಚುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಚಿಂತೆ ಬೇಡ. ಒತ್ತುವ ಮುಂಚೆ ಅಚ್ಚಿನ ಮೇಲೆ ಬಾಯಿ ಅಗಲಿಸಿ ‘ಹಾ’ ಅಂತ ಉಸಿರು ಬಿಡಿ. ಆ ಪಸೆಗೆ ಬಣ್ಣ ಮತ್ತೆ ಹಸಿಯಾಗಿ ಒಂದರೊಳಗೊಂದು ಬೆರೆಯುತ್ತದೆ. ಒತ್ತಿ ಎತ್ತಿದರೆ ಅರ್ಧ ಹಣ್ಣು, ಅರ್ಧ ದೋರೆ! ಬ್ರಷ್ಷಿನಲ್ಲಿ ಎಷ್ಟು ತಿದ್ದಿದರೂ ನನಗೆ ಆ ಬಣ್ಣ ಬರುವುದಿಲ್ಲ. ಆಲ್ಕೋಹಾಲ್ ಮಾರ್ಕರಿಗೆ ಈ ಉಪಾಯ ನಡೆಯದು, ಅದು ಹಚ್ಚುತ್ತಿದ್ದಂತೆ ಒಣಗುತ್ತದೆ, ಉಸಿರಿನ ಪಸೆಗೆ ಮತ್ತೆ ಹಸಿಯಾಗುವುದಿಲ್ಲ.

ಕಾರ್ಡಿನ ಕೆಳಗೆ ಮಡಚಿದ ಪೇಪರ್ ಇಟ್ಟುಕೊಂಡರೆ ಅಚ್ಚು ಎಲ್ಲ ಕಡೆ ಸಮವಾಗಿ ಕೂರುತ್ತದೆ. ಗೊಂಚಲು ಬೇಕಲ್ಲ, ಅದಕ್ಕೆ ಮುಂದಿನ ಹಣ್ಣನ್ನು ಮೊದಲು ಒತ್ತಿದೆ. ಅದೇ ಆಕಾರಕ್ಕೆ ಕತ್ತರಿಸಿದ ಅಂಟುಚೀಟಿಯಿಂದ ಅದನ್ನು ಮುಚ್ಚಿ, ಹಿಂದಿನ ಹಣ್ಣು, ಎಲೆ ಒತ್ತಿದೆ. ಚೀಟಿ ಕಿತ್ತರೆ ಒಂದರ ಹಿಂದೊಂದು ನಿಂತಿರುತ್ತವೆ. ಉದ್ದ ತೊಟ್ಟುಗಳನ್ನು ಕೊನೆಗೆ ಸಣ್ಣ ಕಪ್ಪು ಪೆನ್ನಿನಲ್ಲಿ ಎಳೆದೆ.

ಗೆರೆ ಮಾತ್ರ ಇರುವ ಸ್ಟ್ಯಾಂಪ್ ಒತ್ತಿ ಒಳಗೆ ಬಣ್ಣ ತುಂಬುವವರು ಇಂಕ್ ನೋಡಿಕೊಳ್ಳಿ. ನೀರಿಗೆ ಕರಗದ ಇಂಕ್ ಆದರೂ ಆಲ್ಕೋಹಾಲ್ ಮಾರ್ಕರಿಗೆ ಕರಗಬಹುದು. ಚೂರು ಕಾಗದದ ಮೇಲೆ ಒತ್ತಿ, ಒಣಗಿಸಿ, ಮಾರ್ಕರ್ ಎಳೆದು ನೋಡುವುದೇ ಸರಿ.

ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ), ನುಣುಪಿನದು. ಎ4 ಹಾಳೆಯನ್ನು ಅರ್ಧ ಕತ್ತರಿಸಿ, ಮಡಿಕೆಯ ಜಾಗದಲ್ಲಿ ಇಂಕ್ ಮುಗಿದ ಬಾಲ್ ಪೆನ್ನಿನಿಂದ ಸ್ಕೇಲ್ ಹಿಡಿದು ಗೀರಿದೆ. ಮಡಿಕೆ ಬಿರುಕಿಲ್ಲದೆ ಬಂತು. ಇದು ಸಿ6 ಲಕೋಟೆಗೆ ಸರಿಯಾಗಿ ಕೂರುತ್ತದೆ. ಎ4 ಹಾಳೆ ಚದರ ಮೀಟರಿನ ಹದಿನಾರನೇ ಒಂದು ಪಾಲು, ಹಾಗಾಗಿ ಅರ್ಧ ಹಾಳೆಯ ತೂಕ ಸುಮಾರು 9.4 ಗ್ರಾಂ. ಲಕೋಟೆ ಸೇರಿದರೂ 20 ಗ್ರಾಂ ದಾಟಲಿಲ್ಲ, ಮಾಮೂಲಿ ಪತ್ರದ ಅಂಚೆಚೀಟಿಯಲ್ಲೇ ಹೋಯಿತು. ಮಣಿ, ರಿಬ್ಬನ್ ಅಂಟಿಸದಿರುವುದೂ ಇದಕ್ಕೇ. ಅಲ್ಲದೆ ಅಂಚೆಯಲ್ಲಿ ಮುದ್ರೆ ಹೊಡೆಯುವಾಗ ಅವು ಜಜ್ಜಿಹೋಗುತ್ತವೆ.

ಒಳಗೆ ಬರೆದದ್ದು ಇಷ್ಟೇ: ‘ಚಿಕ್ಕಮ್ಮ, ಮಾವು ಹಣ್ಣಾಗೋಕೆ ಶುರುವಾಗಿದೆ. ಮಕ್ಕಳಿಗೆ ರಜೆ ಕೊಟ್ಟ ತಕ್ಷಣ ಎಲ್ಲರೂ ಬನ್ನಿ. ಮತ್ತೆ, ಈ ಕಾರ್ಡನ್ನು ಕಿಟಕಿ ಹತ್ತಿರ ಇಡಬೇಡಿ, ಬಿಸಿಲಿಗೆ ಬಣ್ಣ ಹೋಗುತ್ತೆ.’