ಕಡಲಾಮೆಗಳ ಊರಿನಲ್ಲಿ ರಜೆ: ಟರ್ಕಿಯ ಚಿರಾಲಿಗೆ ಹೀಗೆ ಹೋಗಿ

ಟರ್ಕಿ ಅಂದರೆ ಇಸ್ತಾಂಬುಲ್ ಮತ್ತು ಕಪಡೋಕಿಯಾದ ಬಲೂನು. ನಮ್ಮವರ ಪ್ರವಾಸ ಹೆಚ್ಚಾಗಿ ಅಷ್ಟಕ್ಕೇ ಮುಗಿಯುತ್ತದೆ. ನಾಲ್ಕಾರು ದಿನ ಸುಮ್ನೆ ಕಡಲ ಪಕ್ಕ ಇದ್ದು ಬರಬೇಕು ಅನ್ನುವವರು ದಕ್ಷಿಣಕ್ಕೆ ಇಳಿಯಬೇಕು. ಅಂತಾಲ್ಯ ನಗರದಿಂದ ಸುಮಾರು 80 ಕಿ.ಮೀ. ದೂರದಲ್ಲಿ, ಮೆಡಿಟರೇನಿಯನ್ ದಡದಲ್ಲಿ ಚಿರಾಲಿ ಎಂಬ ಹಳ್ಳಿಯಿದೆ. ಮೂರು ಕಿ.ಮೀ. ಉದ್ದದ ತೀರ, ಅದರ ಹಿಂದೆ ಕಿತ್ತಳೆ ತೋಟ, ಆಮೇಲೆ ಪೈನ್ ಮರಗಳ ಬೆಟ್ಟ. ಇಲ್ಲಿನ ತೀರದಲ್ಲಿ ಲಾಗರ್‌ಹೆಡ್ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಪಕ್ಕದಲ್ಲೇ ಪ್ರಾಚೀನ ಒಲಿಂಪೋಸ್ ಪಟ್ಟಣದ ಅವಶೇಷಗಳಿವೆ. ಈ ಎರಡರ ದೆಸೆಯಿಂದ ಕಟ್ಟಡಗಳಿಗೆ ಕಡಿವಾಣ ಬಿದ್ದಿದೆ, ಊರು ಊರಾಗಿಯೇ ಉಳಿದಿದೆ.

ಮೊದಲು ತಿಂಗಳು ಆರಿಸಿ

ಮೇ, ಜೂನ್ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಬಿಸಿಲೂ ಜಾಸ್ತಿ, ಜನವೂ ಜಾಸ್ತಿ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆ. ಆಗ ಸೆಕೆ ಇಳಿದಿರುತ್ತದೆ, ನೀರು ಮಾತ್ರ ಇನ್ನೂ ಬೆಚ್ಚಗಿರುತ್ತದೆ.

ವೀಸಾ, ದಾರಿ, ದುಡ್ಡು

ಭಾರತದ ಸಾಮಾನ್ಯ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕು. ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಇದ್ದರೆ ಇ-ವೀಸಾಕ್ಕೆ ಅರ್ಜಿ ಹಾಕಬಹುದು. ಉಳಿದವರು ವೀಸಾ ಅರ್ಜಿ ಕೇಂದ್ರಕ್ಕೆ ಹೋಗಬೇಕು. ನಿಯಮಗಳು ಬದಲಾಗುತ್ತಿರುತ್ತವೆ. ಹಾಗಾಗಿ ಟಿಕೆಟ್ ಮಾಡಿಸುವ ಮೊದಲು ಟರ್ಕಿ ಸರ್ಕಾರದ ಜಾಲತಾಣ ನೋಡಿಬಿಡಿ.

ಇಸ್ತಾಂಬುಲ್‌ನಿಂದ ಅಂತಾಲ್ಯಕ್ಕೆ ವಿಮಾನದಲ್ಲಿ ಒಂದೂ ಚಿಲ್ಲರೆ ಗಂಟೆ. ಅಲ್ಲಿನ ವಿಮಾನ ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ಟ್ರಾಮ್ ಇದೆ. ಕುಮ್ಲುಜಾ ಕಡೆಗೆ ಹೋಗುವ ಮಿನಿಬಸ್ ಹತ್ತಿ, ಚಿರಾಲಿ ಕ್ರಾಸ್‌ನಲ್ಲಿ ಇಳಿಸಿ ಎಂದು ಡ್ರೈವರ್‌ಗೆ ಮೊದಲೇ ಹೇಳಿಡಿ. ಕ್ರಾಸ್‌ನಿಂದ ಊರಿಗೆ ಸುಮಾರು 7 ಕಿ.ಮೀ. ಇಳಿಜಾರು. ಅಲ್ಲಿಂದ ದೊಲ್ಮುಶ್ ಎಂಬ ಸಣ್ಣ ವ್ಯಾನುಗಳು ಓಡುತ್ತವೆ. ಆದರೆ ಜನ ತುಂಬುವವರೆಗೆ ಹೊರಡುವುದಿಲ್ಲ. ಸಂಜೆ ಮೇಲೆ ತಲುಪುವುದಾದರೆ ಕರೆದೊಯ್ಯಲು ಯಾರನ್ನಾದರೂ ಕಳಿಸುವಂತೆ ನೀವು ಉಳಿಯುವ ಮನೆಯವರಿಗೇ ಹೇಳಿ. ನಗದನ್ನು ಅಂತಾಲ್ಯದಲ್ಲೇ ತೆಗೆದಿಟ್ಟುಕೊಳ್ಳಿ.

ಎಲ್ಲಿ ಉಳಿಯುವುದು, ಏನು ತಿನ್ನುವುದು

ಇಲ್ಲಿ ಪನ್ಸಿಯೋನ್‌ಗಳೇ ಜಾಸ್ತಿ. ಮನೆಯವರೇ ನಡೆಸುವ, ತೋಟದ ನಡುವಿನ ಮರದ ಮನೆಗಳವು. ಬಾಡಿಗೆಯಲ್ಲಿ ಸಾಮಾನ್ಯವಾಗಿ ಬೆಳಗಿನ ತಿಂಡಿಯೂ ಸೇರಿರುತ್ತದೆ. ಕನಿಷ್ಠ ನಾಲ್ಕು ರಾತ್ರಿಗೆ ಬುಕ್ ಮಾಡಿ. ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಈ ಊರು ಒಂದು ಬೀಚ್ ಅಷ್ಟೇ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ತಿಂಡಿಗೆ ಬ್ರೆಡ್, ಚೀಸ್, ಆಲಿವ್, ಟೊಮೆಟೊ, ಸೌತೆಕಾಯಿ, ಜೇನು, ಜೊತೆಗೆ ಚಹಾ ಬರುತ್ತದೆ. ಪಾಲಕ್ ಅಥವಾ ಆಲೂಗಡ್ಡೆ ತುಂಬಿ ಕಾವಲಿ ಮೇಲೆ ಬೇಯಿಸುವ ಗೋಜ್ಲೆಮೆಯನ್ನು ಬಿಸಿಬಿಸಿಯಾಗಿ ತಿನ್ನಬೇಕು. ಬದನೆ, ಬೆಂಡೆ, ಬೀನ್ಸ್‌ಗಳನ್ನು ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುತ್ತಾರೆ. ಕುಡಿಯಲು ಉಪ್ಪು ಹಾಕಿದ ಮಜ್ಜಿಗೆ ಇದೆ, ಹೆಸರು ಐರಾನ್. ಒಂದು ಎಚ್ಚರಿಕೆ: ಬೇಳೆ ಸೂಪು, ಅನ್ನ ಕೆಲವೊಮ್ಮೆ ಮಾಂಸದ ಸಾರಿನಲ್ಲಿ ಬೆಂದಿರುತ್ತವೆ. ‘ಎತ್‌ಸಿಜ್’ ಅಂದರೆ ಮಾಂಸವಿಲ್ಲದ್ದು ಎಂದು ಅರ್ಥ. ಹಾಗೆಂದ ಮೇಲೂ ಸಾರಿನ ಬಗ್ಗೆ ಬೇರೆಯಾಗಿ ಕೇಳಿಕೊಳ್ಳಿ.

ತೀರದಲ್ಲಿ ಹೇಗಿರಬೇಕು

ದಡದಲ್ಲಿ ಬೆಣಚುಕಲ್ಲು ಜಾಸ್ತಿ. ನೀರಿನಲ್ಲಿ ಹಾಕುವ ರಬ್ಬರ್ ಚಪ್ಪಲಿ ಒಯ್ಯದಿದ್ದರೆ ಕಾಲು ನೋಯುತ್ತದೆ. ಕೆಲವು ಹೆಜ್ಜೆಗಳಲ್ಲೇ ನೀರು ಆಳವಾಗುತ್ತದೆ. ಮಕ್ಕಳ ಮೇಲೆ ಕಣ್ಣಿರಲಿ.

ಈಗ ಆಮೆಗಳ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಬೇಸಿಗೆಯ ರಾತ್ರಿಗಳಲ್ಲಿ ಹೆಣ್ಣಾಮೆಗಳು ದಡಕ್ಕೆ ಬಂದು, ಮರಳು ತೋಡಿ ಮೊಟ್ಟೆ ಇಡುತ್ತವೆ. ಸುಮಾರು ಎರಡು ತಿಂಗಳಿಗೆ ಮರಿಗಳು ಹೊರಬರುತ್ತವೆ, ಅದೂ ಹೆಚ್ಚಾಗಿ ರಾತ್ರಿ. ಕತ್ತಲಲ್ಲಿ ಅವಕ್ಕೆ ಹೊಳೆಯುವ ಕಡಲೇ ದಿಕ್ಕು. ಊರ ಕಡೆಯಿಂದ ಒಂದು ದೀಪ ಉರಿದರೂ ಸಾಕು, ಮರಿಗಳು ಅತ್ತ ತಿರುಗುತ್ತವೆ. ಹಾಗೆ ತಿರುಗಿದವು ಬೆಳಗಾಗುವಷ್ಟರಲ್ಲಿ ಒಣಗಿ ಸಾಯುತ್ತವೆ, ಇಲ್ಲವೇ ಹಕ್ಕಿಗಳ ಪಾಲಾಗುತ್ತವೆ. ಆದ್ದರಿಂದ ಕತ್ತಲಾದ ಮೇಲೆ ತೀರಕ್ಕೆ ಹೋಗಬೇಡಿ. ಟಾರ್ಚು, ಮೊಬೈಲ್ ಫ್ಲ್ಯಾಶ್, ಬೆಂಕಿ ಬೇಡವೇ ಬೇಡ. ಮರಳಲ್ಲಿ ಕಂಬಿಯ ಗೂಡು ಕಂಡರೆ ಅದರಡಿ ಮೊಟ್ಟೆಗಳಿವೆ ಎಂದು ತಿಳಿದು ದೂರವಿರಿ. ಛತ್ರಿಯ ಕೋಲನ್ನು ನೀರಿನಂಚಿನ ಹಸಿ ಜಾಗದಲ್ಲೇ ನೆಡಿ. ಮಕ್ಕಳು ತೋಡಿದ ಗುಂಡಿಯನ್ನು ಮುಚ್ಚಿ ಬನ್ನಿ. ಅಂಗೈಗಿಂತ ಚಿಕ್ಕ ಮರಿಗೆ ಅದು ಹತ್ತಲಾಗದ ಬಾವಿ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಆಲಿವ್ ರಿಡ್ಲೆ ಆಮೆಗಳ ಗೂಡು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಕತ್ತಲಿಗೆ ಬೆಟ್ಟವಿದೆ

ಊರ ಉತ್ತರದ ಬೆಟ್ಟದಲ್ಲಿ ಯನರ್ತಾಶ್ ಇದೆ. ಬಂಡೆಯ ಬಿರುಕುಗಳಿಂದ ಹೊರಬರುವ ಮೀಥೇನ್ ಅಲ್ಲಿ ಸಾವಿರಾರು ವರ್ಷಗಳಿಂದ ತಾನಾಗಿ ಉರಿಯುತ್ತಿದೆ. ಸಿಂಹ, ಮೇಕೆ, ಹಾವು ಮೂರೂ ಸೇರಿದ ಕೈಮೆರಾ ಎಂಬ ಬೆಂಕಿಯುಗುಳುವ ಪ್ರಾಣಿಯ ಗ್ರೀಕ್ ಕಥೆಯನ್ನು ಈ ಜಾಗಕ್ಕೆ ಜೋಡಿಸುತ್ತಾರೆ. ಜ್ವಾಲೆಗಳು ಹಗಲಲ್ಲಿ ಮಂಕು. ಸಂಜೆ ಹೊರಡಿ. ಟಿಕೆಟ್ ಕೊಡುವ ಜಾಗದಿಂದ ಸುಮಾರು ಒಂದು ಕಿ.ಮೀ. ಕಲ್ಲಿನ ಮೆಟ್ಟಿಲು ಹತ್ತಬೇಕು. ಇಲ್ಲಿಗೆ ಮಾತ್ರ ಟಾರ್ಚು ಬೇಕೇ ಬೇಕು, ಗಟ್ಟಿ ಬೂಟೂ ಬೇಕು.

ಒಲಿಂಪೋಸ್‌ಗೆ ಬೆಳಿಗ್ಗೆಯೇ ಹೋಗಿ. ತೀರದ ದಕ್ಷಿಣದ ತುದಿಗೆ ನಡೆದರೆ ಸಾಕು. ನಡುವೆ ತೊರೆ ಹರಿಯುತ್ತದೆ, ಗೋಡೆಗಳನ್ನು ಬಳ್ಳಿ ತಬ್ಬಿದೆ. ಯೂಡೆಮೋಸ್ ಎಂಬ ನಾವಿಕನ ಕಲ್ಲಿನ ಶವಪೆಟ್ಟಿಗೆಯನ್ನು ಹುಡುಕಿ ನೋಡಿ, ಅದರ ಮೇಲೆ ಹಡಗೊಂದನ್ನು ಕೆತ್ತಿದ್ದಾರೆ. ನಡೆಯುವ ಹುಚ್ಚಿದ್ದವರಿಗೆ ಲೈಸಿಯನ್ ದಾರಿ ಎಂಬ ದೂರದ ಚಾರಣದ ಹಾದಿಯೂ ಇಲ್ಲೇ ಹಾದುಹೋಗುತ್ತದೆ. ಬಂಡೆಗಳ ಮೇಲಿನ ಕೆಂಪು, ಬಿಳಿ ಪಟ್ಟಿಗಳನ್ನು ನೋಡಿಕೊಂಡು ನಡೆಯಿರಿ, ನೀರು ಜಾಸ್ತಿ ಇಟ್ಟುಕೊಳ್ಳಿ.

ವಾಪಸ್ ಬರುವ ದಿನ ಮಧ್ಯಾಹ್ನದೊಳಗೆ ವಿಮಾನವಿದ್ದರೆ ವ್ಯಾನು, ಮಿನಿಬಸ್ ನಂಬಬೇಡಿ. ಹಿಂದಿನ ಸಂಜೆಯೇ ಟ್ಯಾಕ್ಸಿ ಮಾತಾಡಿಡಿ, ಇಲ್ಲವೇ ಕೊನೆಯ ರಾತ್ರಿ ಅಂತಾಲ್ಯದಲ್ಲಿ ಉಳಿಯಿರಿ.